ಮುರಿದ ಕೈತಕ್ಕಡಿ

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನೊಡನೆ ನಕಲಿಯನ್ನು ಬೆರೆಸಿ ಮಾರುವುದು, ಇವೇ ಆ ಐದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೇ ಬೇರೆ ಶಬ್ದಗಳಲ್ಲಿ ಬಂದಿವೆ. ನಾಲ್ಕನೆಯದಕ್ಕೆ ಹೀನಾಧಿಕ ಮಾನೋನ್ಮಾನವೆಂದು ಹೆಸರು. ಪಾತ್ರೆಯಿಂದ ಅಳೆಯುವುದು ಮಾನ, ತಕ್ಕಡಿಯಿಂದ ತೂಗುವುದು ಉನ್ಮಾನ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿ, ಕೊಡುವಾಗ ಕಿರಿದಾದುದನ್ನೂ ಕೊಳ್ಳುವಾಗ ಹಿರಿದಾದುದನ್ನೂ ಬಳಸುವುದೇ ಇಲ್ಲಿನ ದೋಷವೆಂದು ತಿಳಿಸಿದ್ದಾರೆ.

ಚಾತುರ್ಮಾಸ್ಯದ ಪ್ರವಚನಗಳಲ್ಲಿ ಈ ನಾಲ್ಕನೆಯ ಅತಿಚಾರವು ಅರ್ಧ ನಿಮಿಷದಲ್ಲಿ ಮುಗಿದುಹೋಗುವುದನ್ನು ನಾನು ಅನೇಕ ಬಾರಿ ಗಮನಿಸಿದ್ದೇನೆ. ಪೂಜ್ಯ ಮುನಿಗಳಲ್ಲಿ ತಕ್ಕಡಿ ಇಲ್ಲ. ತಕ್ಕಡಿ ಇರುವ ನಾವು ಕೈಮುಗಿದು ಕುಳಿತಿರುತ್ತೇವೆ. ನಲವತ್ತು ವರ್ಷಗಳಿಗೂ ಮೀರಿ ಚಿತ್ರದುರ್ಗದಲ್ಲಿ ಅಂಗಡಿಯ ಗಲ್ಲಾದ ಮುಂದೆ ಕುಳಿತ ನನಗೆ ಮಾತ್ರ ಆ ಅರ್ಧ ನಿಮಿಷವು ಉಳಿದೆಲ್ಲ ಪ್ರವಚನಕ್ಕಿಂತ ಸಮೀಪವಾದುದೆನಿಸಿದೆ. ಇದಕ್ಕೆ ಕಾರಣವಾದುದು ನಮ್ಮ ಮನೆಯ ಹಿತ್ತಾಳೆಯ ಒಂದು ಕೈತಕ್ಕಡಿ. ಅದು 2024ರ ದಶಲಕ್ಷಣ ಪರ್ವಕ್ಕೆ ಕೆಲವು ದಿನಗಳ ಮುನ್ನ ಎರಡು ತುಂಡಾಯಿತು. ಆ ನಿಮಿತ್ತದಿಂದ ನಡೆದ ಕೆಲವು ಸಂಗತಿಗಳು ಬಸದಿಗಳ ಆಡಳಿತ ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬಂದಾವೆಂದು ಇಲ್ಲಿ ಬರೆಯುತ್ತಿದ್ದೇನೆ.

ಆ ತಕ್ಕಡಿಯನ್ನು ಕೊಂಡವರು ನಮ್ಮ ಅಜ್ಜ. 1951ರಲ್ಲಿ ಕೊಂಡುದಾಗಿ ಅವರ ಲೆಕ್ಕದ ಪುಸ್ತಕದಲ್ಲಿದೆ. ಮೊಳದುದ್ದದ ಎರಕದ ದಂಡ. ನಡುವೆ ಉಕ್ಕಿನ ಅಲಗು. ಮೇಲೆ ನೆಟ್ಟಗೆ ನಿಲ್ಲುವ ಮುಳ್ಳು. ಹೆಬ್ಬೆರಳು ತೋರುಬೆರಳುಗಳಿಂದ ಹಿಡಿಯುವ ಒಂದು ಹಿಡಿ. ಸರಪಣಿಯಲ್ಲಿ ತೂಗುವ ಎರಡು ತಟ್ಟೆಗಳು. ಎರಡು ಕಿಲೋ ತನಕ ನಿರಾಯಾಸವಾಗಿ ತೂಗಬಹುದಾಗಿತ್ತು. ಹೊಳಲ್ಕೆರೆಯಲ್ಲಿ ಅಡಿಕೆಯ ಮಾದರಿ, ಹೊಸದುರ್ಗದಲ್ಲಿ ಕೊಬ್ಬರಿ, ಹಿರಿಯೂರಿನ ಕಡೆ ಹುಣಸೆಹಣ್ಣು ಮೆಣಸಿನಕಾಯಿ, ಹೀಗೆ ಅಜ್ಜ ಸಂತೆಗೆ ಹೋದಲ್ಲೆಲ್ಲ ಅದನ್ನು ಒಂದು ಖಾದಿಯ ಚೀಲದಲ್ಲಿ ಸುತ್ತಿ ಒಯ್ಯುತ್ತಿದ್ದರಂತೆ. ಮೂಟೆಗಳನ್ನು ತೂಗುವ ದೊಡ್ಡ ತಕ್ಕಡಿಗಳು ಬೇರೆ ಇದ್ದವು, ಅವನ್ನು ಹಿಡಿಯುವ ಹಮಾಲರೂ ಇದ್ದರು. ಕೈತಕ್ಕಡಿಯನ್ನು ಮಾತ್ರ ಮನೆಯವರಲ್ಲದೆ ಬೇರೆಯವರು ಮುಟ್ಟುತ್ತಿರಲಿಲ್ಲ. ಹಿಡಿಯಲ್ಲಿ ಹಿತ್ತಾಳೆ ಸವೆದು ಬೆರಳಿನ ಆಕಾರಕ್ಕೆ ತಗ್ಗಾಗಿತ್ತು. ಆ ತಗ್ಗು ಅಜ್ಜನ ಬೆರಳಿಗೆ ಆದುದೋ ತಂದೆಯವರ ಬೆರಳಿಗೆ ಆದುದೋ ಹೇಳಬರುವಂತಿರಲಿಲ್ಲ. ನನ್ನ ಬೆರಳಿಗಂತೂ ಸರಿಯಾಗಿ ಕೂರುತ್ತಿತ್ತು.

ಅಜ್ಜ ತೂಗುವಾಗ ಒಂದು ಎನ್ನುತ್ತಿರಲಿಲ್ಲ, ಲಾಭ ಎಂದು ಆರಂಭಿಸಿ ಅನಂತರ ಎರಡು ಮೂರು ಎಂದು ಎಣಿಸುತ್ತಿದ್ದರು. ಯಾರಿಗೆ ಲಾಭ ಎಂದು ಬಾಲ್ಯದಲ್ಲಿ ಕೇಳಿದ್ದಕ್ಕೆ, ಎರಡು ತಟ್ಟೆಗೂ ಎಂದಿದ್ದರು.

ಈ ತಕ್ಕಡಿ ನೋಡಿದ ದೊಡ್ಡ ಸ್ಥಿತ್ಯಂತರವೆಂದರೆ ಮೆಟ್ರಿಕ್ ಪದ್ಧತಿಯ ಆಗಮನ. ಅದಕ್ಕೆ ಮೊದಲು ನಮ್ಮ ಮೈಸೂರು ಸೀಮೆಯಲ್ಲಿ 24 ತೊಲದ ಕಚ್ಚಾ ಸೇರು, 80 ತೊಲದ ಪಕ್ಕಾ ಸೇರು, 40 ಕಚ್ಚಾ ಸೇರಿನ ಮಣ ಇವೆಲ್ಲ ಬಳಕೆಯಲ್ಲಿದ್ದವು. ಸೇರು ಎಂದವನು ಯಾವ ಸೇರು ಎಂದು ಕೇಳದ ರೈತನಿಗೆ ಕಷ್ಟ ತಪ್ಪುತ್ತಿರಲಿಲ್ಲ. 1956ರಲ್ಲಿ ತೂಕ ಅಳತೆಗಳ ಶಾಸನವಾಯಿತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತ ಹಂತವಾಗಿ ಜಾರಿಗೆ ಬಂದು 1962ರ ಹೊತ್ತಿಗೆ ಕಡ್ಡಾಯವಾಯಿತು. ಹಳೆಯ ಬಟ್ಟುಗಳನ್ನೆಲ್ಲ ಒಪ್ಪಿಸಿ ಹೊಸ ಬಟ್ಟುಗಳನ್ನು ತರಬೇಕಾಯಿತು. ತಕ್ಕಡಿಯನ್ನು ಮಾತ್ರ ಬದಲಿಸಬೇಕಾಗಲಿಲ್ಲ. ಅದಕ್ಕೆ ಸೇರೂ ತಿಳಿಯದು, ಕಿಲೋವೂ ತಿಳಿಯದು. ಈ ಕಡೆಯದೂ ಆ ಕಡೆಯದೂ ಸಮವೇ ಅಲ್ಲವೇ ಎಂಬುದೊಂದನ್ನೇ ಅದು ಹೇಳುತ್ತದೆ.

ಆ ಕಾಲದ ಒಂದು ಲೆಕ್ಕವನ್ನು ತಂದೆಯವರು ಪದೇ ಪದೇ ಹೇಳುತ್ತಿದ್ದರು. ಪಕ್ಕಾ ಸೇರಿಗೆ ಸುಮಾರು 933 ಗ್ರಾಂ. ಸೇರಿಗೆ ಒಂದು ರೂಪಾಯಿ ಇದ್ದ ಪದಾರ್ಥಕ್ಕೆ ಕಿಲೋಗೆ ನ್ಯಾಯವಾದ ಬೆಲೆ ಒಂದು ರೂಪಾಯಿ ಏಳು ನಯಾಪೈಸೆ. ಆದರೆ ಏಳು ಪೈಸೆ ಎಣಿಸಲು ತೊಡಕು, ಹತ್ತು ಪೈಸೆ ಸುಲಭ. ಪೇಟೆಯಲ್ಲಿ ಬಹಳ ಮಂದಿ ಸುಲಭವನ್ನೇ ಆರಿಸಿಕೊಂಡರಂತೆ. ತೂಕ ಸರಿಯಾಗಿದೆ, ಬಟ್ಟು ಮುದ್ರೆಯದು, ಕಾಯಿದೆಯ ಭಂಗವಿಲ್ಲ. ಆದರೂ ಕೊಳ್ಳುವವನಿಂದ ಮೂರು ಪೈಸೆ ಬಂದಿತು. ಅಜ್ಜ ಒಂದು ರಟ್ಟಿನ ಮೇಲೆ ಸೇರಿನ ದರ, ಕಿಲೋ ದರ ಎಂದು ಎರಡು ಸಾಲು ಬರೆದು ಗಲ್ಲಾದ ಮೇಲೆ ತೂಗುಹಾಕಿದ್ದರು. ಅತಿಚಾರವೆಂದರೆ ವ್ರತವನ್ನು ಮುರಿಯುವುದಲ್ಲ, ಮುರಿದಿಲ್ಲವೆಂದುಕೊಂಡೇ ಅದನ್ನು ಸವೆಸುವುದು ಎಂಬ ಅರ್ಥ ನನಗೆ ಮನವರಿಕೆಯಾದುದು ಆ ಮೂರು ಪೈಸೆಯ ಕಥೆಯಿಂದ.

ಇನ್ನು ತಂದೆಯವರ ಒಂದು ಅಭ್ಯಾಸವನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದನ್ನೇ ಅವಲಂಬಿಸಿದೆ. ಬೆಲೆಯುಳ್ಳ ವಸ್ತುವನ್ನು ಅವರು ಒಮ್ಮೆ ಎಡತಟ್ಟೆಯಲ್ಲಿ, ಇನ್ನೊಮ್ಮೆ ಬಲತಟ್ಟೆಯಲ್ಲಿ ಇಟ್ಟು ಎರಡು ಸಲ ತೂಗುತ್ತಿದ್ದರು. ಖಾಲಿ ತಕ್ಕಡಿಯ ಮುಳ್ಳು ನೆಟ್ಟಗಿದ್ದ ಮಾತ್ರಕ್ಕೆ ಅದು ಸರಿಯಾದ ತಕ್ಕಡಿಯಲ್ಲ. ದಂಡದ ಒಂದು ತೋಳು ಕೂದಲೆಳೆಯಷ್ಟು ಉದ್ದವಾಗಿದ್ದು, ಆ ಕಡೆಯ ತಟ್ಟೆ ಅಷ್ಟೇ ಹಗುರವಾಗಿದ್ದರೆ ಖಾಲಿಯಲ್ಲಿ ಮುಳ್ಳು ನೆಟ್ಟಗೇ ನಿಲ್ಲುತ್ತದೆ. ಹೊರೆ ಇಟ್ಟಾಗ ಮೋಸ ಮಾಡುತ್ತದೆ. ತಟ್ಟೆ ಬದಲಿಸಿ ತೂಗಿದರೆ ಮಾತ್ರ ಈ ಗುಟ್ಟು ಹೊರಬೀಳುತ್ತದೆ.

ಬಿ.ಕಾಂ. ಓದಿ ಬಂದ ಹೊಸದರಲ್ಲಿ ನಾನು ಇದರ ಗಣಿತವನ್ನು ಬರೆದು ನೋಡಿದೆ. ತೋಳುಗಳು 10ಕ್ಕೆ 11ರಂತೆ ಇವೆಯೆಂದು ಇಟ್ಟುಕೊಳ್ಳೋಣ. ಒಂದು ಕಡೆ ತೂಗಿದರೆ ಕಿಲೋ ಬಟ್ಟಿಗೆ 1,100 ಗ್ರಾಂ ಮಾಲು ಹೋಗುತ್ತದೆ. ಇನ್ನೊಂದು ಕಡೆ ತೂಗಿದರೆ 909 ಗ್ರಾಂ. ಆದುದರಿಂದ ಒಂದು ಕಿಲೋ ಈ ಕಡೆ, ಒಂದು ಕಿಲೋ ಆ ಕಡೆ ತೂಗಿಕೊಟ್ಟರೆ ತಪ್ಪು ತಪ್ಪಿಗೆ ವಜಾ ಆಗಬೇಕಲ್ಲವೇ? ಆಗುವುದಿಲ್ಲ. ಒಟ್ಟು 2,009 ಗ್ರಾಂ ಹೋಗುತ್ತದೆ, ವ್ಯಾಪಾರಿಗೆ 9 ಗ್ರಾಂ ನಷ್ಟ. ತೋಳುಗಳ ವ್ಯತ್ಯಾಸ ಎಷ್ಟೇ ಇರಲಿ, ಯಾವ ಕಡೆಗೇ ಇರಲಿ, ಹೀಗೆ ಸಮ ಮಾಡಲು ಹೊರಟ ವ್ಯಾಪಾರಿಯೇ ಯಾವಾಗಲೂ ಸ್ವಲ್ಪ ಕಳೆದುಕೊಳ್ಳುತ್ತಾನೆ. ಕಾಗದವನ್ನು ತಂದೆಯವರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ತಕ್ಕಡಿಯನ್ನು ಸರಿಮಾಡಿಸುವ ಕೂಲಿ ಅದಕ್ಕಿಂತ ಕಡಿಮೆ ಎಂದಷ್ಟೇ ಹೇಳಿದರು.

ನಮ್ಮ ಬಸದಿಯ ಬೆಳ್ಳಿಯ ಉಪಕರಣಗಳನ್ನು ಪ್ರತಿವರ್ಷ ದಶಲಕ್ಷಣ ಪರ್ವಕ್ಕೆ ಮುನ್ನ ತೂಗಿ ದಾಖಲೆ ಪುಸ್ತಕದಲ್ಲಿ ಬರೆಯುವುದು ಹಿಂದಿನಿಂದ ಬಂದ ಪದ್ಧತಿ. ತಂದೆಯವರ ಕಾಲದಿಂದ ಅದಕ್ಕೆ ನಮ್ಮ ಕೈತಕ್ಕಡಿಯೇ ಹೋಗುತ್ತಿತ್ತು. ಆ ದಿನವೂ ನಾನೇ ಒಯ್ದಿದ್ದೆ. ನಿತ್ಯ ಅಭಿಷೇಕದ ಕಲಶವನ್ನು ತಟ್ಟೆಯಲ್ಲಿಟ್ಟು ಎತ್ತಿದಾಗ ಕಡ್ಡಿ ಮುರಿದಂತಹ ಸಣ್ಣ ಸದ್ದಾಯಿತು. ದಂಡವು ನಡುವಿನ ಅಲಗಿನ ಪಕ್ಕದಲ್ಲಿ ಮುರಿದು, ಕಲಶ ಚಾಪೆಯ ಮೇಲೆ ಉರುಳಿತು. ಕೆಳಗೆ ಬಿದ್ದು ಮುರಿದುದಲ್ಲ, ಹೊರೆಯೂ ಹೆಚ್ಚಾಗಿರಲಿಲ್ಲ. ಹಿಡಿ ನನ್ನ ಬೆರಳುಗಳಲ್ಲಿಯೇ ಉಳಿದಿತ್ತು.

ಹಿರಿಯರೊಬ್ಬರು ಇದು ಅಪಶಕುನವೆಂದರು. ಪರ್ವದ ಮುನ್ನ, ಅದೂ ಅಭಿಷೇಕದ ಕಲಶ! ಶಾಂತಿ ಮಾಡಿಸಬೇಕೆಂಬ ಮಾತು ಎದ್ದಿತು. ನಾನು ಮುರಿದ ಎರಡು ತುದಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರಿಗೂ ತೋರಿಸಿದೆ. ಮುರಿದ ಮುಖದ ಮೂರರಲ್ಲಿ ಎರಡು ಪಾಲು ಕಪ್ಪಾಗಿತ್ತು. ಒಂದು ಪಾಲು ಮಾತ್ರ ಹೊಸ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಕಪ್ಪು ಭಾಗದ ಆಳದಲ್ಲಿ ರಾಗಿಕಾಳಿನಷ್ಟು ಪೊಳ್ಳು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡು ಉಳಿದ ಪೊಳ್ಳು ಅದು. ಅಲ್ಲಿಂದ ಬಿರುಕು ಹುಟ್ಟಿ, ಎತ್ತಿ ಇಳಿಸಿದ ಒಂದೊಂದು ಸಲಕ್ಕೂ ಕಾಣದಷ್ಟು ಮುಂದುವರಿದು, ಗಾಳಿ ತಾಗಿದ ಭಾಗ ಕಪ್ಪಾಗುತ್ತ ಬಂದಿದೆ. ಕೊನೆಗೆ ಉಳಿದ ಪಾಲು ಹೊರೆಯನ್ನು ತಾಳದೆ ಅಂದು ಕಡಿಯಿತು. ಹೊಳೆಯುವ ಭಾಗ ಆ ಒಂದು ದಿನದ್ದು, ಕಪ್ಪು ಭಾಗ ಎಷ್ಟೋ ವರ್ಷಗಳದ್ದು. ಕಾರಣ ಕಣ್ಣೆದುರಿಗೇ ಇರುವಾಗ ಶಕುನವನ್ನು ಹುಡುಕುವುದು ಸಮಂತಭದ್ರರು ಹೇಳಿದ ಮೂರು ಮೂಢತೆಗಳಲ್ಲಿ ಮೊದಲನೆಯದಾದ ಲೋಕಮೂಢತೆಯೇ ಅಲ್ಲವೇ ಎಂದೆ. ಹಿರಿಯರು ಒಪ್ಪಿದರು ಎನ್ನಲಾರೆ, ಸುಮ್ಮನಾದರು. ಒನಕೆಯಿಂದಲೇ ನಾಡಿಗೆಲ್ಲ ಹೆಸರಾದ ಊರು ನಮ್ಮದು. ಇಲ್ಲಿ ಒಂದು ಉಪಕರಣದ ಸುತ್ತ ಕಥೆ ಹುಟ್ಟಲು ಹೆಚ್ಚು ಹೊತ್ತು ಬೇಡ.

ಆದರೆ ನಿಜವಾದ ತೊಡಕು ಬಂದುದು ಅದರ ಮರುದಿನ. ತಕ್ಕಡಿ ಮುರಿದುದರಿಂದ ಬೆಳ್ಳಿಯನ್ನೆಲ್ಲ ಒಬ್ಬ ಚಿನಿವಾರರ ಎಲೆಕ್ಟ್ರಾನಿಕ್ ಯಂತ್ರದಲ್ಲಿ ತೂಗಿಸಲಾಯಿತು. ನಾಲ್ಕು ವಸ್ತುಗಳು ಪುಸ್ತಕದಲ್ಲಿದ್ದುದಕ್ಕಿಂತ ಕಡಿಮೆ ಬಂದವು. ಕಲಶ 1,240 ಗ್ರಾಂ ಎಂದಿದ್ದುದು 1,236. ಝಾರಿ 865ಕ್ಕೆ 863. ಆರತಿ ತಟ್ಟೆ 620ಕ್ಕೆ 619. ಗಂಧದ ಬಟ್ಟಲುಗಳು 310ಕ್ಕೆ 308. ಒಟ್ಟು 9 ಗ್ರಾಂ. ಅಂದಿನ ಧಾರಣೆಯಲ್ಲಿ ಒಂದು ಸಾವಿರ ರೂಪಾಯಿಯೂ ಆಗದ ಬೆಳ್ಳಿ. ಆದರೆ ದೇವದ್ರವ್ಯದ ಮಾತು ಬಂದಾಗ ಗ್ರಾಮಿನ ಲೆಕ್ಕ ನಿಲ್ಲುವುದಿಲ್ಲ. ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಒಬ್ಬರು ಕೇಳಿದರು. ಕೇಳಿದವರಿಗೆ ಉತ್ತರ ಗೊತ್ತಿತ್ತು. ಇಪ್ಪತ್ತು ವರ್ಷಗಳಿಂದ ಅಲ್ಪ ಸಂಬಳಕ್ಕೆ ಮೂರು ಹೊತ್ತೂ ಬಸದಿಯನ್ನು ನೋಡಿಕೊಂಡಿರುವ ಪುರೋಹಿತರು ಅಲ್ಲಿಯೇ ಬಾಗಿಲ ಬಳಿ ನಿಂತಿದ್ದರು. ಅವರ ಮುಖವನ್ನು ನಾನು ವರ್ಣಿಸುವುದಿಲ್ಲ.

ನಾನು ಸಭೆಯಲ್ಲಿ ಮೊದಲು ಕೇಳಿದುದು, ಹೆಚ್ಚಾಗಿ ಬಂದ ವಸ್ತುಗಳು ಇಲ್ಲವೇ ಎಂದು. ಎರಡು ಇದ್ದವು. ಧೂಪದ ಆರತಿ 455ಕ್ಕೆ 457 ಬಂದಿತ್ತು. ಕಲಶದ ಮುಚ್ಚಳ 180ಕ್ಕೆ 181. ಆ ಮೂರು ಗ್ರಾಂ ಬೆಳ್ಳಿಯನ್ನು ತಂದು ಅಂಟಿಸಿದವರಾರೆಂದು ಯಾರೂ ವಿಚಾರಿಸಿರಲಿಲ್ಲ.

ಬಳಿಕ ಪುಸ್ತಕವನ್ನು ತೆರೆದು ತೋರಿಸಿದೆ. ಅದರಲ್ಲಿನ ಸಂಖ್ಯೆಗಳೆಲ್ಲ 5 ಅಥವಾ 0ಯಲ್ಲಿಯೇ ಮುಗಿಯುತ್ತವೆ. ಏಕೆಂದರೆ ನಮ್ಮ ಪೆಟ್ಟಿಗೆಯಲ್ಲಿದ್ದ ಅತಿ ಸಣ್ಣ ಬಟ್ಟು 5 ಗ್ರಾಮಿನದು. ಮುಳ್ಳು ಸರಿಸುಮಾರು ನಿಂತ ಕಡೆಗೆ ಹತ್ತಿರದ ಐದನ್ನು ಬರೆಯುತ್ತಿದ್ದೆವು. ಅಷ್ಟರಿಂದಲೇ ಎರಡೂವರೆ ಗ್ರಾಂ ಮೇಲೆ ಕೆಳಗೆ ಆಗುತ್ತದೆ. ಅಲ್ಲದೆ ಕಿಲೋ ಮೀರಿದ ಹೊರೆಯಲ್ಲಿ ಎರಡು ಗ್ರಾಂ ಹಾಕಿದರೂ ತೆಗೆದರೂ ಅಂತಹ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಅದು ವ್ಯಾಪಾರದ ತಕ್ಕಡಿ, ಚಿನಿವಾರರದಲ್ಲ. ಸರ್ಕಾರದ ಮುದ್ರೆ ಕಾಲಕಾಲಕ್ಕೆ ಬಿದ್ದಿತ್ತೆಂಬುದು ನಿಜ. ವರ್ಷದ ಎರಡು ಅಂಕೆ, ತ್ರೈಮಾಸಿಕದ ಒಂದು ಅಕ್ಷರ ಇವು ದಂಡದ ಮೇಲೆ ಸಾಲಾಗಿ ಇವೆ. ಆದರೆ ಮುದ್ರೆಯು ಇಷ್ಟರೊಳಗಿನ ವ್ಯತ್ಯಾಸ ಸಮ್ಮತವೆಂದು ಹೇಳುತ್ತದೆಯೇ ಹೊರತು ವ್ಯತ್ಯಾಸವೇ ಇಲ್ಲವೆಂದು ಹೇಳುವುದಿಲ್ಲ.

ಅಷ್ಟಕ್ಕೇ ಒಬ್ಬರು ವಕೀಲ ಸದಸ್ಯರು ಸರಿಯಾದ ಪ್ರಶ್ನೆಯನ್ನೇ ಹಾಕಿದರು. ಬಿರುಕು ಬಹು ವರ್ಷದ್ದೆಂದು ನೀವೇ ಹೇಳುತ್ತೀರಿ. ಹಾಗಾದರೆ ಅಷ್ಟು ವರ್ಷ ತಕ್ಕಡಿ ಸರಿಯಾಗಿ ತೂಗಿತೆನ್ನಲು ಆಧಾರವೇನು? ತಕ್ಕಡಿ ಈಗ ಎರಡು ತುಂಡು, ಪರೀಕ್ಷಿಸಲು ಬಾರದು.

ಇಲ್ಲಿ ತಂದೆಯವರ ಅಭ್ಯಾಸ ನೆರವಿಗೆ ಬಂದಿತು. 1974ರಿಂದ ಪುಸ್ತಕದಲ್ಲಿ ಪ್ರತಿಯೊಂದು ವಸ್ತುವಿಗೂ ಎಡ, ಬಲ ಎಂದು ಎರಡು ಅಂಕಣಗಳಿವೆ. ಅವರ ತರುವಾಯ ನಾನೂ ಹಾಗೆಯೇ ಬರೆದುಕೊಂಡು ಬಂದಿದ್ದೆ. ಐವತ್ತು ವರ್ಷಗಳ ಪುಟಗಳನ್ನು ಎಲ್ಲರೂ ಸೇರಿ ತಿರುವಿ ನೋಡಿದೆವು. ಬಹುಪಾಲು ಎರಡೂ ಅಂಕಣಗಳು ಒಂದೇ ಆಗಿವೆ. ಕೆಲವೇ ವರ್ಷಗಳಲ್ಲಿ ಕಲಶಕ್ಕೆ ಎಡದಲ್ಲಿ 1,240, ಬಲದಲ್ಲಿ 1,245 ಎಂದಿದೆ. ತೋಳುಗಳಲ್ಲಿ ವ್ಯತ್ಯಾಸವಿದ್ದರೆ ತಟ್ಟೆ ಬದಲಿಸಿದಾಗ ಅದು ಇಮ್ಮಡಿಯಾಗಿ ಕಾಣಬೇಕು. ಐದು ಗ್ರಾಂ ಕಂಡರೆ ನಿಜವಾದ ತಪ್ಪು ಎರಡೂವರೆ. ದಂಡ ಬಿರುಕು ಬಿಟ್ಟಿದ್ದರೂ ಬಾಗಿರಲಿಲ್ಲ, ತೋಳುಗಳು ಇದ್ದಲ್ಲಿಯೇ ಇದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮುರಿದುಹೋದ ತಕ್ಕಡಿಯನ್ನು ಪುಸ್ತಕದಿಂದ ತೂಗಿ ನೋಡಿದಂತಾಯಿತು. ಎಲ್ಲ ಸೇರಿಸಿದರೆ ಒಂದೊಂದು ವಸ್ತುವಿಗೆ ನಾಲ್ಕೈದು ಗ್ರಾಮಿನೊಳಗಿನ ಅಂತರಕ್ಕೆ ಅರ್ಥವಿಲ್ಲ. ಮೇಲಾಗಿ ಅತಿ ಹೆಚ್ಚು ಕಡಿಮೆ ಬಂದ ಕಲಶವು ದಿನವೂ ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುವಂಥದು. ಬೆಳ್ಳಿ ಸವೆಯುತ್ತದೆ.

ಬೆಳ್ಳಿಯೇಕೆ, ಪ್ಯಾರಿಸ್ಸಿನ ಬಳಿ ಸೆವ್ರ್ ಎಂಬಲ್ಲಿ ಮೂರು ಬೀಗಗಳೊಳಗೆ ಕಾಪಾಡಿದ್ದ ಪ್ಲಾಟಿನಂ ಇರಿಡಿಯಂ ಮಿಶ್ರಲೋಹದ ಮೂಲ ಕಿಲೋಗ್ರಾಂ ಬಟ್ಟೇ ತನ್ನ ಪ್ರತಿಕೃತಿಗಳೊಡನೆ ನೂರು ವರ್ಷಗಳಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ತೋರಿಸಿತು. 2019ರ ಮೇ 20ರಿಂದ ಅದನ್ನು ಕೈಬಿಟ್ಟು, ಪ್ರಕೃತಿಯ ಒಂದು ಸ್ಥಿರಾಂಕದಿಂದ ಕಿಲೋವನ್ನು ನಿರ್ಣಯಿಸಲಾಗಿದೆ. ಇದನ್ನು ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮಾತು ಬೇರೆಲ್ಲಿಗೋ ಹೋಗುತ್ತಿತ್ತು.

ನಾನು ಒತ್ತಾಯಿಸಿದುದು ಒಂದೇ. ಪುರೋಹಿತರ ಮೇಲೆ ಯಾವ ಆಕ್ಷೇಪಣೆಯೂ ಇಲ್ಲವೆಂಬುದನ್ನು ಕಾರಣಸಹಿತ ನಡವಳಿ ಪುಸ್ತಕದಲ್ಲಿ ಬರೆಯಬೇಕೆಂದು. ಯಾರೂ ಏನೂ ಬಹಿರಂಗವಾಗಿ ಹೇಳಿಲ್ಲವಲ್ಲ, ಬರೆಯುವುದೇಕೆ ಎಂದು ಕೆಲವರು ಎಂದರು. ಬಹಿರಂಗವಾಗಿ ಹೇಳದುದೇ ಊರೊಳಗೆ ನಡೆದಾಡುವುದು. ಸಮಂತಭದ್ರಾಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ಪರಿವಾದವನ್ನೂ ಪೈಶುನ್ಯವನ್ನೂ ಸುಮ್ಮನೆ ಎಣಿಸಿಲ್ಲ. ಒಂದು ಗಂಟೆಯ ಚರ್ಚೆಯ ಬಳಿಕ ಬರೆಯಲಾಯಿತು. ಆ ಪುಟವನ್ನು ಓದಿ ಹೇಳಿದಾಗ ಪುರೋಹಿತರು ಏನೂ ಮಾತನಾಡದೆ ಸಂಜೆಯ ಆರತಿಗೆ ಹೋದರು. ಬೇರೆ ಬಸದಿಗಳವರು ಹಳೆಯ ತೂಕದ ಪುಸ್ತಕವನ್ನು ಎಲೆಕ್ಟ್ರಾನಿಕ್ ಯಂತ್ರದೊಡನೆ ತಾಳೆ ನೋಡುವಾಗ, ಹಿಂದೆ ಯಾವ ತಕ್ಕಡಿಯಲ್ಲಿ, ಎಷ್ಟು ಸಣ್ಣ ಬಟ್ಟಿನವರೆಗೆ ತೂಗಿದ್ದರೆಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಮುರಿದ ದಂಡವನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಾಯಿತು. ಬೆಸುಗೆ ಹಾಕಿಸಿ ಹೊಳಪು ಕೊಡಿಸಿ ಅಂಗಡಿಯ ಗೋಡೆಗೆ ತೂಗುಹಾಕೋಣ, ಅಜ್ಜನ ನೆನಪಿರುತ್ತದೆ ಎಂದು ಮಗ ಹೇಳಿದ. ನಾನು ಒಪ್ಪಲಿಲ್ಲ. ಬೆಸುಗೆಯಲ್ಲಿ ಹೊಸ ಲೋಹ ಸೇರುತ್ತದೆ, ತೋಳು ಎಲ್ಲಿ ಮುಗಿಯಿತು ಎಲ್ಲಿ ಆರಂಭವಾಯಿತು ಎಂಬುದು ಬದಲಾಗುತ್ತದೆ. ದುರಸ್ತಿಯಾದ ತಕ್ಕಡಿಯನ್ನು ಮರಳಿ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸದೆ ಬಳಸುವಂತಿಲ್ಲ. ಬಳಸಲಿಕ್ಕಲ್ಲ, ನೋಡಲಿಕ್ಕೆ ಎಂದ ಮಗ. ಆದರೆ ನೋಡಲು ಸರಿಯಾಗಿಯೇ ಕಾಣುವ ಸುಳ್ಳು ತಕ್ಕಡಿಯೊಂದು ಅಂಗಡಿಯಲ್ಲಿ ಕೈಗೆಟಕುವಂತೆ ತೂಗುತ್ತಿದ್ದರೆ, ಕರೆಂಟು ಹೋದ ಒಂದು ದಿನ ಗಿರಾಕಿಗಳ ಗಡಿಬಿಡಿಯಲ್ಲಿ ಯಾರೋ ಒಬ್ಬರು ಅದನ್ನು ಇಳಿಸಿ ತೂಗಿಯೇ ತೂಗುತ್ತಾರೆ. ಬಸದಿಯ ಆಡಳಿತದವರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಜ್ಜನ ಹೆಸರು ಬರೆಸುತ್ತೇವೆಂದರು. ತುಂಡುಗಳನ್ನು ಕೊಟ್ಟೆ, ಹೆಸರು ಬೇಡವೆಂದೆ. ಈಗ ಅವು ಹಳೆಯ ಖಾದಿಯ ಚೀಲದಲ್ಲಿಯೇ ಸುತ್ತಿ, ತೂಕದ ಪುಸ್ತಕದ ಜೊತೆಗೆ ಕಪಾಟಿನಲ್ಲಿವೆ. ಮುಂದೆ ಯಾರಾದರೂ ಆ ಅಂಕಣಗಳನ್ನು ಓದಿ ಸಂಶಯಪಟ್ಟರೆ ದಂಡವನ್ನೂ ನೋಡಲಿ ಎಂಬುದು ನನ್ನ ಉದ್ದೇಶ. ನನಗೆ ಅದರ ಮೇಲೆ ಮೋಹವಿರಲಿಲ್ಲವೆಂದು ಹೇಳಿದರೆ ಯಾರೂ ನಂಬಲಾರರು. ಇಂದಿಗೂ ತೂಗುವಾಗ ಹೆಬ್ಬೆರಳು ಆ ತಗ್ಗನ್ನು ಹುಡುಕುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ಅದರಲ್ಲಿನ ಮೂರ್ಛೆ ಎಂದು ಶಾಸ್ತ್ರದಲ್ಲಿ ಹೇಳಿದೆ. ವಸ್ತು ಹೋದ ಮೇಲೆಯೂ ಅದು ಬೆರಳಿನಲ್ಲಿ ಉಳಿದಿರುತ್ತದೆಂಬುದನ್ನು ನಾನು ಈಗ ನೋಡುತ್ತಿದ್ದೇನೆ.

ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ಯಂತ್ರ ಬಂದು ಬಹಳ ಕಾಲವಾಯಿತು. ಅದು ನಿಖರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ವರ್ಷಕ್ಕೊಮ್ಮೆ ಹುಣಸೆಹಣ್ಣು ತರುವ ವೃದ್ಧೆಯೊಬ್ಬರಿಗೆ ಅಂಕಿ ಓದಲು ಬರುವುದಿಲ್ಲ. ಕೆಂಪು ದೀಪದಲ್ಲಿ ಏನು ಬಂದರೂ ನಾವು ಹೇಳಿದ್ದನ್ನೇ ಅವರು ನಂಬಬೇಕು. ಮುಳ್ಳು ನೆಟ್ಟಗಿದೆಯೇ ಇಲ್ಲವೇ ಎಂಬುದು ಮಾತ್ರ ಅವರಿಗೆ ನಮ್ಮಷ್ಟೇ ಚೆನ್ನಾಗಿ ಕಾಣುತ್ತದೆ. ಹುಣಸೆಹಣ್ಣನ್ನು ಎರಡೆರಡು ಕಿಲೋದಂತೆ ಕೈತಕ್ಕಡಿಯಲ್ಲಿಯೇ ತೂಗಿಸಿಕೊಳ್ಳುವುದು ಅವರ ವಾಡಿಕೆಯಾಗಿತ್ತು. ಇಂತಹ ಮೂರು ನಾಲ್ಕು ಜನರಿಗಾಗಿ ನಾನು ಮುದ್ರೆಯುಳ್ಳ ಹೊಸ ಉಕ್ಕಿನ ತಕ್ಕಡಿಯೊಂದನ್ನು ತರಿಸಿದೆ. ಹತ್ತು ಕಿಲೋ ತೂಗುವಂಥದು. ಎರಡೆರಡು ತಕ್ಕಡಿ ಇಟ್ಟುಕೊಳ್ಳುವುದು ಖರ್ಚಿನ ಬಾಬತ್ತೆಂದು ಮಗ ಗೊಣಗಿದ, ಖರ್ಚೇ ಸರಿ.

ಈ ವರ್ಷ ಆಕೆ ಬಂದರು. ಹಳೆಯದೆಲ್ಲಿ ಎಂದು ಕೇಳಿದರು. ಮುರಿಯಿತಮ್ಮಾ ಎಂದೆ. ಹೊಸ ತಕ್ಕಡಿಯ ಸುತ್ತ ಒಮ್ಮೆ ನೋಡಿ, ಖಾಲಿ ತಟ್ಟೆಗಳನ್ನು ಬೆರಳಿನಿಂದ ಮುಟ್ಟಿ ಬಿಟ್ಟು, ಮುಳ್ಳು ನಿಲ್ಲುವವರೆಗೂ ಕಾದರು. ಹಣ್ಣು ತೂಗಿದೆವು, 6 ಕಿಲೋ 400 ಗ್ರಾಂ ಆಯಿತು. ಆಗ ಆಕೆ, "ತಟ್ಟೆ ಅದಲು ಬದಲು ಮಾಡಿ ಇನ್ನೊಂದ್ಸಲ ತೂಗಿ ಸಾವ್ಕಾರ್ರೆ, ನಿಮ್ಮಪ್ಪಾರು ಹಂಗೇ ಮಾಡ್ತಿದ್ರು" ಎಂದರು. ಹುಣಸೆಹಣ್ಣನ್ನು ಬಲತಟ್ಟೆಗೆ ಸುರಿದು, ಬಟ್ಟುಗಳನ್ನು ಎಡಕ್ಕೆ ಇಟ್ಟು ಮಗನೇ ಎತ್ತಿದ. ಅದೇ 6 ಕಿಲೋ 400 ಗ್ರಾಂ ಬಂದಿತು. ಆಕೆ ಹಣವನ್ನು ಎರಡು ಸಲ ಎಣಿಸಿ, ಖಾಲಿ ಚೀಲವನ್ನು ಮಡಿಸಿಕೊಂಡು ಹೊಳಲ್ಕೆರೆಯ ಬಸ್ಸಿಗೆ ಹೊರಟರು.